ಐಸವ್ವನಿಗೆ ಸೀರೆ ಉಡಿಸಿದ ಭೀಮಕ್ಕ

ಗಂಡನ ಹನ್ನೊಂದನೆಯ ದಿನದ ಊಟ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಮೈದುನ ಕೆಂಚೇಶ ಭೀಮಕ್ಕನ ಮುಂದೆ ಬಂದು ಕೂತ. ನೆಲ ನೋಡಿಕೊಂಡು ಒಂದು ಮಾತು ಹೇಳಿದ.

"ಅತ್ತಿಗೆಮ್ಮ, ಇನ್ಮ್ಯಾಲೆ ಅವ್ವಂಗೆ ಮಮತಾ ಸೀರೆ ಉಡಸ್ತಾಳೆ. ಮುತ್ತೈದೆ ಕೈ ಆಗಬೇಕಲ್ಲ. ಬೇಜಾರು ಮಾಡ್ಕಬ್ಯಾಡ."

ಮಮತಾ ಅಂದರೆ ಅವನ ಹೆಂಡತಿ. ಭೀಮಕ್ಕನ ವಾರಗಿತ್ತಿ. ಭೀಮಕ್ಕ ಎದ್ದು ಹೋಗಿ ಎಮ್ಮೆಗೆ ನೀರಿಟ್ಟಳು.

ಅವ್ವ ಅಂದರೆ ಹೊಳೆ ದುರುಗಮ್ಮ. ಸಾಸ್ವೆಹಳ್ಳಿಯಿಂದ ಹೊಳೆಯ ಕಡೆ ಇಳಿದರೆ ಭೀಮಕ್ಕನ ಕೇರಿ, ಕೇರಿ ದಾಟಿದರೆ ಅವ್ವನ ಗುಡಿ. ದೊಡ್ಡ ಗುಡಿಯೇನಲ್ಲ. ಇಬ್ಬರು ಒಳಗೆ ನಿಂತರೆ ಮೂರನೆಯವರು ಉಸಿರು ಹಿಡಿದು ನಿಲ್ಲಬೇಕು. ಮೊದಲು ಹೆಂಚಿತ್ತು, ಈಗ ಶೀಟು ಹಾಕಿದ್ದಾರೆ. ಒಳಗೆ ಸೊಂಟದೆತ್ತರದ ಕಲ್ಲು. ಕಲ್ಲಿಗೆ ಕೈಯಿಲ್ಲ, ಕಾಲಿಲ್ಲ. ಎರಡು ಬೆಳ್ಳಿಯ ಕಣ್ಣಿವೆ, ಅಷ್ಟೆ.

ಆ ಗುಡಿಗೆ ಒಂದು ಕಟ್ಟಳೆ. ಅವ್ವ ಹೆಣ್ಣು, ಹೆಣ್ಣಿನ ಬರಿಮೈ ಗಂಡಸು ನೋಡುವಂತಿಲ್ಲ. ಅದಕ್ಕೇ ಮಂಗಳವಾರ ಮತ್ತು ಶುಕ್ರವಾರ ಬಾಗಿಲಿಗೆ ಪರದೆ ಎಳೆದು ಪೂಜಾರಿ ಮನೆಯ ಹಿರಿಸೊಸೆ ಒಳಗೆ ಹೋಗುತ್ತಾಳೆ. ಹಳೇ ಸೀರೆ ಬಿಚ್ಚಿ, ನೀರು ಹಾಕಿ, ಅರಿಶಿನ ಹಚ್ಚಿ, ಬೇರೆ ಸೀರೆ ಉಡಿಸಿ, ಕುಂಕುಮ ಇಟ್ಟು, "ತೆಗಿ" ಅನ್ನುತ್ತಾಳೆ. ಆಗ ಪೂಜಾರಿ ಪರದೆ ತೆಗೆದು ಮಂಗಳಾರತಿ ಎತ್ತುತ್ತಾನೆ. ಆಮೇಲೆ ಹೊಸ್ತಿಲಲ್ಲಿ ನಿಂತು ಬಂದ ಹೆಂಗಸರಿಗೆ ಕುಂಕುಮ ಕೊಡುವುದೂ ಹಿರಿಸೊಸೆಯದೇ ಕೆಲಸ. ಆರತಿ ಎತ್ತುವುದು ಅಣ್ಣತಮ್ಮಂದಿರ ಸರದಿ. ಒಂದು ತಿಂಗಳು ಭೀಮಕ್ಕನ ಗಂಡ ತಿಪ್ಪೇಶಪ್ಪನದು, ಒಂದು ತಿಂಗಳು ಕೆಂಚೇಶನದು. ಸೀರೆಗೆ ಸರದಿ ಇಲ್ಲ. ಅದು ಹಿರಿಸೊಸೆಯ ಪಾಲು.

ಭೀಮಕ್ಕ ಸಂತೇಬೆನ್ನೂರಿನ ಹುಡುಗಿ. ಮೂರನೇ ಕ್ಲಾಸು ಓದಿದ್ದಳು. ಆಮೇಲೆ ತಮ್ಮನನ್ನು ಎತ್ತಿಕೊಳ್ಳಲು ಜನ ಬೇಕಾಯಿತು, ಇಸ್ಕೂಲು ನಿಂತಿತು. ಮೀಸೆ ಚಿಗುರದ ತಿಪ್ಪೇಶಪ್ಪನ ಕೈ ಹಿಡಿದು ಈ ಕೇರಿಗೆ ಬಂದಾಗ ಅವಳಿಗೆ ತನ್ನ ಸೀರೆಯನ್ನೇ ನೆಟ್ಟಗೆ ಉಡಲು ಬರುತ್ತಿರಲಿಲ್ಲ. ಅತ್ತೆ ಕಲಿಸಿದಳು. ತಪ್ಪಿದರೆ ಕೈಮೇಲೆ ಹೊಡೆದಳು. "ಕಲ್ಲು ಅಂತ ಉಜ್ಜಬ್ಯಾಡ. ಬಾಣಂತಿ ಮೈ ತೊಳ್ದಂಗೆ ತೊಳಿ" ಅನ್ನುತ್ತಿದ್ದಳು. ಅತ್ತೆ ಹೋದ ಮೇಲೆ ಕೆಲಸ ಪೂರಾ ಭೀಮಕ್ಕನದಾಯಿತು. ಎರಡು ಹೆತ್ತಳು, ನಾಟಿಗೆ ಹೋದಳು, ಕಳೆಗೆ ಹೋದಳು, ಇಟ್ಟಿಗೆ ಹೊತ್ತಳು. ವಾರದ ಎರಡು ಮುಂಜಾನೆ ಮಾತ್ರ ಯಾವ ಕೂಲಿಗೂ ಕೊಡಲಿಲ್ಲ.

ಅವಳು ಒಳಗೆ ನೆರಿಗೆ ಹಿಡಿಯುತ್ತಿದ್ದರೆ ಗಂಡ ಪರದೆಯಾಚೆ ಆರತಿ ತಟ್ಟೆ ಹಿಡಿದು ನಿಂತು ಕಾಲು ಬದಲಿಸುತ್ತಿದ್ದ.

"ಏನೇ, ಒಳಗೆ ಇಬ್ರೂ ನಿದ್ದೆ ಹೋದ್ರಾ?"

"ಸುಮ್ನೆ ನಿಂತ್ಕ."

"ನಿನ್ನ ಮದುವಿಗೆ ನೀನು ಇಷ್ಟು ಸಿಂಗಾರ ಮಾಡ್ಕಂಡಿದ್ದಿಲ್ಲ."

"ಗಂಡು ಚೆಂದ ಇದ್ದಿದ್ರೆ ಮಾಡ್ಕಂತಿದ್ದೆ."

ಹೊರಗೆ ಹೆಂಗಸರು ನಗುತ್ತಿದ್ದರು. ಹೊಡೆದದ್ದೂ ಉಂಟು, ಕುಡಿದದ್ದೂ ಉಂಟು, ಇಲ್ಲವೆನ್ನಬಾರದು. ಆದರೆ ಪರದೆಯ ಎರಡು ಬದಿ ನಿಂತಾಗ ಅವರಿಬ್ಬರೂ ಚೆನ್ನಾಗಿದ್ದರು.

ಶ್ರಾವಣದಲ್ಲಿ ಒಂದು ದಿನ ಎಮ್ಮೆ ಮೈ ತೊಳೆಯಲು ಹೊಳೆಗೆ ಹೋದ ತಿಪ್ಪೇಶಪ್ಪ ದಂಡೆಯ ಮೇಲೆ ಕೂತ. ಎದೆ ಹಿಡಿಯುತ್ತದೆ ಅಂದ. ಆಟೋದಲ್ಲಿ ಹೊನ್ನಾಳಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಲು ಗಂಡಸರು ಹೋದರು. ಹೆಂಡತಿ ಹೋಗುವಂತಿಲ್ಲ ಅಂದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಕೇಳುವ ಹೊತ್ತೂ ಅಲ್ಲ ಅದು.

ಆಮೇಲಿನ ಶುಕ್ರವಾರಗಳು ಕೆಟ್ಟವು. ಎಚ್ಚರ ತಾನಾಗಿ ಆಗುತ್ತಿತ್ತು. ತಲೆಮೇಲೆ ನೀರು ಹುಯ್ದುಕೊಂಡು ಬಂದು ನಡುಮನೆಯಲ್ಲಿ ಕೂರುತ್ತಿದ್ದಳು. ಕೈಗೆ ಸಿಕ್ಕಿದ ಟವಲ್ಲನ್ನು ನೆರಿಗೆ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಮಗ ದುರುಗೇಶ್ ನೋಡಿದ. ಅವನು ದೇವರ ಹೆಸರು ಇಟ್ಟುಕೊಂಡೇ ದೇವರನ್ನು ಬಿಟ್ಟವನು. ದಾವಣಗೆರೆಗೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದಿದ್ದ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು.

"ಬಿಡವ್ವ ಆ ಗುಡಿನ. ಊರೋರ ದೇವರು ನಮ್ಮನ್ನ ಹೊರಗಿಟ್ಟಿದ್ದು ಸಾಲಲಿಲ್ಲ ಅಂತ ನಮ್ಮ ದೇವರೂ ಹೊರಗಿಡ್ತು."

"ದೇವರು ಇಟ್ಟಿಲ್ಲ ಕಣಲೇ. ನಿಮ್ಮ ಚಿಕ್ಕಪ್ಪ ಇಟ್ಟಿದ್ದು" ಅಂದಳು ಭೀಮಕ್ಕ.

ಕಾರ್ತಿಕದಲ್ಲಿ ಮಗಳು ಜ್ಯೋತಿಲಕ್ಷ್ಮಿ ಬಂದು, ಅವ್ವನ ಮುಖ ನೋಡಿ, ಚೀಲ ತುಂಬಿಸಿ, ನ್ಯಾಮತಿಗೆ ಕರೆದುಕೊಂಡು ಹೋದಳು. ಅವಳು ಅಲ್ಲಿ ಇಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾಳೆ. ಗಂಡನಿಗೆ ಜಗಳೂರಿನಲ್ಲಿ ನೌಕರಿ, ಶನಿವಾರ ಬಂದು ಸೋಮವಾರ ಹೋಗುವವನು. ಬಾಡಿಗೆ ಮನೆ, ಎರಡು ಕೋಣೆ, ಮುಂದೆ ನಲ್ಲಿ. ಭೀಮಕ್ಕನಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಅಕ್ಕಿ ಆರಿಸಿದಳು. ಆರಿಸಿದ್ದನ್ನೇ ಮತ್ತೆ ಆರಿಸಿದಳು.

ಒಂದು ಭಾನುವಾರ ಮಗಳ ಮನೆಯ ನಡುಮನೆ ತುಂಬ ಥರ್ಮಾಕೋಲು ಬಿತ್ತು. ಇಸ್ಕೂಲಿನಲ್ಲಿ ವಸ್ತುಪ್ರದರ್ಶನವಂತೆ. ಜ್ಯೋತಿಯ ಕ್ಲಾಸಿನ ಪಾಲಿಗೆ ಈಜಿಪ್ಟ್ ದೇಶದ ಹಳೇ ಗುಡಿ ಬಂದಿತ್ತು. ಎರಡು ದೊಡ್ಡ ಗೋಡೆ, ನಡುವೆ ಬಾಗಿಲು, ಒಳಗೆ ಕಂಬ, ಕಂಬದಾಚೆ ಇನ್ನೊಂದು ಕತ್ತಲೆ ಕೋಣೆ. ಕೋಣೆಯೊಳಗೆ ಕೂರಿಸಲು ಡ್ರಾಯಿಂಗ್ ಮೇಷ್ಟ್ರು ರಂಗನಾಥ್ ಮೊಣಕೈ ಉದ್ದದ ಒಂದು ಮಣ್ಣಿನ ಹೆಣ್ಣುಗೊಂಬೆ ಮಾಡಿಕೊಟ್ಟಿದ್ದರು. ಗಣಪತಿಗೆ ತಂದು ಉಳಿದ ಜೇಡಿಮಣ್ಣು ಅದು.

"ಅವ್ವ, ಇದು ಅವರ ಕಡೆ ದೇವಿ. ಐಸಿಸ್ ಅಂತ. ಒಂದು ಬಟ್ಟೆ ಸುತ್ತಿ ಕೊಡು, ನಾನು ತಲೆಗೆ ನೀರು ಹಾಕ್ಕಂಡು ಬರ್ತೀನಿ" ಅಂದಳು ಜ್ಯೋತಿ.

ಭೀಮಕ್ಕ ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸುಮ್ಮನೆ ನೋಡಿದಳು. ಆಮೇಲೆ ಒದ್ದೆ ಬಟ್ಟೆಯಲ್ಲಿ ಮೈ ಸವರಿದಳು. ಮಗಳ ಟ್ರಂಕಿನಲ್ಲಿ ಒಂದು ಕೆಂಪು ರವಿಕೆ ಕಣ ಸಿಕ್ಕಿತು. ಹರಿದು, ಸೀರೆ ಮಾಡಿ, ಹದಿನೈದು ಸಣ್ಣ ನೆರಿಗೆ ಹಿಡಿದು ಉಡಿಸಿದಳು. ಸೆರಗು ಬಲಕ್ಕೆ ತಂದಳು. ಹಸಿರು ದಾರ ಸುತ್ತಿ ಬಳೆ ಮಾಡಿದಳು. ಗಲ್ಲಕ್ಕೆ ಅರಿಶಿನ ಹಚ್ಚಿದಳು. ಹಣೆಗೆ ಕಾಸಗಲ ಕುಂಕುಮ ಇಟ್ಟಳು. ಶ್ರಾವಣದಿಂದೀಚೆಗೆ ಅವಳ ಕೈ ಅಷ್ಟು ಹಗುರಾಗಿ ಆಡಿರಲಿಲ್ಲ.

ಜ್ಯೋತಿ ಕೂದಲು ಒರೆಸಿಕೊಳ್ಳುತ್ತ ಬಂದಳು, ನಿಂತಳು, ಗೋಡೆಗೆ ಒರಗಿ ನಗತೊಡಗಿದಳು.

"ಅಯ್ಯೋ ಅವ್ವ! ಈಜಿಪ್ಟಿನಾಕೆನ ಹಿಡಿದು ನಮ್ಮ ದುರುಗಮ್ಮ ಮಾಡಿಬಿಟ್ಟಿದೀಯಲ್ಲ."

"ಯಾಕೆ? ಚೆಂದ ಕಾಣ್ತಾ ಇಲ್ಲೇನು? ತಲೆಮ್ಯಾಲಿರೋದು ಮಾತ್ರ ತಿಳೀಲಿಲ್ಲ. ಏನದು, ಕುರ್ಚಿನಾ?"

"ಸಿಂಹಾಸನ. ಅದೇ ಅವಳ ಗುರುತು."

"ಕುರ್ಚಿ ಮ್ಯಾಲೆ ಕುಂತೋರನ್ನ ನೋಡೀನಿ. ಕುರ್ಚಿ ಹೊತ್ತು ನಿಂತೋಳನ್ನ ಇವಳನ್ನೇ ನೋಡಿದ್ದು."

"ಮತ್ತೆ ಕುಂಕುಮ ಯಾಕವ್ವ ಇಟ್ಟೆ? ಇವಳು ಗಂಡ ಸತ್ತೋಳು."

ಭೀಮಕ್ಕನ ಕೈ ನಿಂತಿತು. ಸೆರಗಿನ ಚುಂಗು ಹಿಡಿದು ಗೊಂಬೆಯ ಹಣೆಗೆ ಒಯ್ದಳು, ಒರೆಸಲು. ಒರೆಸಲಿಲ್ಲ.

"ಗಂಡ ಸತ್ತೋಳಿಗೆ ಗುಡಿ ಕಟ್ಟಿದ್ರಾ?"

"ಕಟ್ಟಿದ್ರು. ಒಂದಲ್ಲ, ಊರೂರಿಗೆ. ದೊಡ್ಡದು ಹೊಳೆ ನಡುವೆ ಒಂದು ನಡುಗಡ್ಡೆ ಮ್ಯಾಲೆ ಇತ್ತು."

"ನೆಟ್ಟಗೆ ಹೇಳು. ಪಾಠ ಹೇಳ್ದಂಗೆ ಹೇಳಬ್ಯಾಡ, ನನಗೆ ಹೇಳ್ದಂಗೆ ಹೇಳು."

ಜ್ಯೋತಿ ಕೂತು ಹೇಳಿದಳು. ಐಸಿಸಳ ಗಂಡ ಒಸಿರಿಸ್, ಒಳ್ಳೇ ರಾಜ. ಅವನ ತಮ್ಮನಿಗೆ ಹೊಟ್ಟೆಕಿಚ್ಚು. ಅಣ್ಣನನ್ನು ಕೊಂದು, ತುಂಡು ಮಾಡಿ, ದೇಶದ ತುಂಬ ಚೆಲ್ಲಿದ. ಐಸಿಸ್ ಮನೆಯಲ್ಲಿ ಕೂರಲಿಲ್ಲ. ತಂಗಿಯನ್ನು ಕರೆದುಕೊಂಡು ಹೊಳೆಗುಂಟ ಹುಡುಕಿದಳು. ಸಿಕ್ಕಿದ ತುಂಡುಗಳನ್ನೆಲ್ಲ ತಂದು ಜೋಡಿಸಿ ಬಟ್ಟೆ ಸುತ್ತಿದಳು. ಅತ್ತಳು. ಅವಳು ಅತ್ತದ್ದಕ್ಕೇ ಜನ ಅವಳನ್ನು ನಂಬಿದರು.

"ಮೈದುನನೇ ಕೊಂದನಾ?" ಅಂದಳು ಭೀಮಕ್ಕ. ಆಮೇಲೆ ತಾನೇ, "ನಮ್ಮ ಕೆಂಚೇಶ ಅಂಥೋನಲ್ಲ ಬಿಡು. ಬಾಯಿ ಒಂದು ಜಾಸ್ತಿ" ಅಂದಳು.

"ಆ ನಡುಗಡ್ಡೆ ಗುಡಿ ಎದುರಿಗೇ ಇನ್ನೊಂದು ನಡುಗಡ್ಡೆ ಐತವ್ವ. ಅಲ್ಲಿ ಅವಳ ಗಂಡನ ಸಮಾಧಿ ಅಂತ ನಂಬಿದ್ರು. ಹತ್ತು ದಿನಕ್ಕೊಂದು ಸಲ ಪೂಜಾರಿಗಳು ಇವಳನ್ನ ದೋಣಿಯಾಗೆ ಕೂರಿಸ್ಕಂಡು ಆಕಡೆ ಹೋಗೋರು. ಗಂಡನ ಮಣ್ಣಿಗೆ ಹಾಲು ಬಿಟ್ಟು ಬರಾಕೆ."

"ಯಾರು ಬಿಡೋದು?"

"ಇವಳ ಲೆಕ್ಕದಾಗೆ. ಹೆಂಡ್ತಿನೇ ಬಿಟ್ಟಂಗೆ."

ಭೀಮಕ್ಕ ಗೊಂಬೆಯ ಸೆರಗು ಸರಿಮಾಡಿದಳು. ಆಮೇಲೆ, "ಅವಳಿಗಾದ್ರೂ ಬಿಟ್ರಲ್ಲ" ಅಂದಳು.

ಜ್ಯೋತಿ ಮಾತು ಬೇರೆ ಕಡೆ ತಿರುಗಿಸಲು ಗುಡಿಯ ಸುದ್ದಿ ತೆಗೆದಳು. ದಿನಾ ಮುಂಜಾನೆ ಒಳಗಿನ ಬಾಗಿಲ ಮುದ್ರೆ ಒಡೆದು ದೇವಿಯನ್ನು ಎಬ್ಬಿಸುತ್ತಿದ್ದರಂತೆ. ಮೈ ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಉಡಿಸಿ, ಎಡೆ ಇಟ್ಟು, ಆ ಎಡೆಯನ್ನೇ ಆಮೇಲೆ ಪೂಜಾರಿಗಳು ಹಂಚಿಕೊಂಡು ಉಣ್ಣುತ್ತಿದ್ದರಂತೆ. ಪೂಜಾರಿಕೆ ತಿಂಗಳ ಸರದಿಯಂತೆ.

"ನಮ್ಮಂಗೇ. ಯಾರು ಉಡಸ್ತಿದ್ರು? ಹಿರಿಸೊಸೆನಾ?"

"ಇಲ್ಲವ್ವ. ಹೆಂಗಸರು ಹಾಡೋರು, ಗೆಜ್ಜೆ ಅಲ್ಲಾಡಿಸೋರು. ಒಳಗೆ ಹೋಗಿ ಉಡಸ್ತಿದ್ದೋರು ಗಂಡಸು ಪೂಜಾರಿಗಳೇ."

"ಗಂಡಸರಾ!" ಭೀಮಕ್ಕ ಗೊಂಬೆಯನ್ನು ಎದೆಗೆ ಒತ್ತಿಕೊಂಡಳು. "ಥೂ! ಪರದೆ?"

"ಇಲ್ಲ."

"ಪಾಪ ನನ್ನ ತಾಯಿ. ಗಂಡ ಇಲ್ಲ, ಕೇಳೋರಿಲ್ಲ. ಐಸವ್ವ, ನಮ್ಮ ಕಡಿಗಾದ್ರೂ ಹುಟ್ಟಬಾರದಾಗಿತ್ತೇನೆ."

ಜ್ಯೋತಿ ಮತ್ತೆ ನಕ್ಕಳು. ಈ ಸಲ ಭೀಮಕ್ಕನೂ ನಕ್ಕಳು. ಗಂಡ ಹೋದ ಮೇಲೆ ಅದೇ ಮೊದಲು.

ಆದರೆ ಕೆಂಪು ಸೀರೆಯಲ್ಲಿ ಈಜಿಪ್ಟಿನ ದೇವಿಯನ್ನು ಇಸ್ಕೂಲಿಗೆ ಒಯ್ಯುವಂತಿರಲಿಲ್ಲ. ಅಲ್ಲಿನವರು ಉಡುತ್ತಿದ್ದುದು ಬಿಳಿ ನಾರುಬಟ್ಟೆ. ಬಿಳಿ ಅಂದಕೂಡಲೇ ಭೀಮಕ್ಕನ ಮುಖ ಸಣ್ಣದಾಯಿತು. "ಹಂಗಲ್ಲವ್ವ, ಅಲ್ಲಿ ಎಲ್ಲಾ ಹೆಂಗಸರೂ ಬಿಳೀನೇ ಉಡೋರು. ಮದುವಣಗಿತ್ತಿನೂ ಬಿಳಿ, ಮುದುಕಿನೂ ಬಿಳಿ" ಅಂತ ಮಗಳು ಬಿಡಿಸಿ ಹೇಳಿದ ಮೇಲೆ ಕೆಂಪು ಬಿಚ್ಚಿ ಬಿಳಿ ಉಡಿಸಿದಳು. ಕುಂಕುಮ ಒರೆಸಿ ನೋಡಿದರು. ಹಸಿ ಮಣ್ಣು ಕುಡಿದುಬಿಟ್ಟಿತ್ತು, ಹೋಗಲಿಲ್ಲ. ಹಾಗೇ ಪ್ರದರ್ಶನಕ್ಕೆ ಹೋಯಿತು.

ಮಾರನೇ ದಿನ ಮಗಳು ಇಸ್ಕೂಲಿಗೆ ಹೋದ ಮೇಲೆ ಭೀಮಕ್ಕ ನಲ್ಲಿ ಮುಂದೆ ಬಟ್ಟೆ ಒಗೆಯಲು ಕೂತಳು. ಕೆಲಸಕ್ಕೆ ಕೂತರೆ ಬಾಯಿಗೆ ಹಾಡು ಬರುವುದು ಹೊಲದ ಹೆಂಗಸರ ರೂಢಿ. ನಾಟಿ ಹಾಕುವಾಗ ಹೇಳುವ ಅವ್ವನ ಹಾಡೇ ಬಂತು.

ಹೊಳೆಯ ಕೇಳಿದಳವ್ವ, ಹೊಳೆದಂಡೆ ಕೇಳಿದಳು,
ಬಳೆಯ ಒಡೆಯ ಎಲ್ಲಿ ಅಂತ ಮರಳ ಕೇಳಿದಳು.

ಹೊಳೆ ದುರುಗಮ್ಮನ ಗಂಡ ಹರಿಗೋಲು ಹಾಕುವವನು. ಆಷಾಢದ ಹೊಳೆಯಲ್ಲಿ ಹರಿಗೋಲು ಮುಗುಚಿ ಹೋದ. ದುರುಗಮ್ಮ ದಂಡೆಗುಂಟ ಹೊನ್ನಾಳಿವರೆಗೆ ಹುಡುಕಿದಳು. ಸಿಗಲಿಲ್ಲ. ತಿರುಗಿ ಬಂದು, ಅವನು ಹರಿಗೋಲು ಕಟ್ಟುತ್ತಿದ್ದ ಜಾಗದಲ್ಲಿ ಕೂತಳು. ಕೂತಲ್ಲೇ ಕಲ್ಲಾದಳು. ಹಾಡು ಇಷ್ಟೇ. ಮದುವೆಯಾಗಿ ಬಂದ ವರ್ಷದಿಂದ ಭೀಮಕ್ಕ ಇದನ್ನು ಹಾಡಿದ್ದಾಳೆ. ಬಾಯಿ ಹಾಡುತ್ತಿತ್ತು, ಕೈ ಸಸಿ ಊರುತ್ತಿತ್ತು. ಅರ್ಥ ಯಾರು ನೋಡಿದರು?

ಆವತ್ತು ನೋಡಿದಳು. ಒಗೆಯುವ ಕೈ ಕಲ್ಲಿನ ಮೇಲೆಯೇ ನಿಂತಿತು. ನಮ್ಮ ಅವ್ವನೂ ಗಂಡ ಸತ್ತೋಳು. ಹಾಡಿನಲ್ಲಿ ಗಂಡನನ್ನು ಕಳೆದುಕೊಂಡವಳು, ಗುಡಿಯಲ್ಲಿ ಮುತ್ತೈದೆ. ಇಷ್ಟು ವರ್ಷ ಅವಳ ಹಣೆಗೆ ಕುಂಕುಮ ಇಟ್ಟದ್ದು ಇದೇ ಕೈ.

ಬಟ್ಟೆ ಹಿಂಡಿ ಒಣಹಾಕಿದಳು. ಚೀಲ ತುಂಬಿದಳು. ಸಂಜೆ ಮಗಳು ಬಂದಾಗ, "ನಾಳೆ ಊರಿಗೆ ಹೋಗ್ತೀನಿ. ಶುಕ್ರವಾರಕ್ಕೆ ಅವ್ವಂಗೆ ನಾನೇ ಉಡಸಬೇಕು" ಅಂದಳು.

"ಚಿಕ್ಕಪ್ಪ ಬಿಡ್ತಾನಾ?"

"ಬಿಡದಿದ್ರೆ ಬಾಗಿಲಾಗೆ ನಿಂತಿರ್ತೀನಿ. ನಿಂತ್ಕಳಾಕೂ ಬಿಡಲ್ಲ ಅಂದ್ರೆ ನೋಡನ."

ಮಗಳು ತಡೆಯಲಿಲ್ಲ. ಬುತ್ತಿ ಕಟ್ಟಿಕೊಟ್ಟಳು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಭೀಮಕ್ಕ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಹಾಲಿನ ಪಾಕೀಟು ತಗೊಂಡಳು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಫ್ರೀ ಟಿಕೀಟು ಹರಿದು, "ಹಾಲು ಚೆಲ್ಲೀರಿ ಅಜ್ಜಿ, ಮಡಿಲಾಗೆ ಇಟ್ಕರ್ರಿ" ಅಂದ. ಅವಳು ಮಡಿಲಲ್ಲೇ ಇಟ್ಟುಕೊಂಡಳು. ಊರಿಗೆ ಇಳಿದವಳು ಮನೆಗೆ ಹೋಗಲಿಲ್ಲ. ಹೊಳೆ ಕಡೆಯ ಮಣ್ಣಿಗೆ ಹೋದಳು. ತಿಪ್ಪೇಶಪ್ಪನ ದಿಬ್ಬದ ಮೇಲೆ ಗರಿಕೆ ಹುಟ್ಟಿತ್ತು. ಪಾಕೀಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ತಲೆಯ ಕಡೆಯಿಂದ ಕಾಲಿನ ಕಡೆಗೆ ಹಾಲು ಬಿಟ್ಟಳು.

"ಕಾಯಿಸಿ ತರಾಕೆ ಆಗಲಿಲ್ಲ. ಹಸಿದೇ ಕುಡಿ" ಅಂದಳು.

ಯಾರೂ ನೋಡಲಿಲ್ಲ. ನೋಡಿದ್ದರೂ ಅವಳು ನಿಲ್ಲಿಸುತ್ತಿರಲಿಲ್ಲ.

ಮನೆಗೆ ಬಂದು ಮಗನಿಗೆ ಹೇಳಿದಳು. ದುರುಗೇಶ್ ತಲೆ ಕೆರೆದುಕೊಂಡ. "ನಾನು ಗುಡಿಯೊಳಗೆ ಬರಲ್ಲವ್ವ, ನಿನಗೆ ಗೊತ್ತು. ಆದ್ರೆ ನಿನ್ನ ತಡೆಯಾಕೆ ಬಂದ್ರೆ ಅಲ್ಲಿರ್ತೀನಿ."

"ಜಗಳ ತೆಗೀಬ್ಯಾಡ."

"ತೆಗಿಯಲ್ಲ. ನಿಂತಿರ್ತೀನಿ."

ಶುಕ್ರವಾರ ಬೆಳಿಗ್ಗೆ ಭೀಮಕ್ಕ ಗುಡಿ ಮುಂದೆ ಹೋದಾಗ ಆಗಲೇ ಜನ ಇತ್ತು. ಕೇರಿಯ ಹಿರಿಯ ಬಂಗಾರಪ್ಪ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತಿದ್ದ. ಸಂತೇಬೆನ್ನೂರಿನ ಅಡಿಕೆ ಸಾಹುಕಾರರ ಮನೆಯ ಕಸ್ತೂರಮ್ಮ ಕಾರಿನಲ್ಲಿ ಬಂದಿದ್ದಳು, ಜೊತೆಗೆ ಸೊಸೆ ರೂಪಶ್ರೀ, ಸೊಸೆಯ ಕೈಯಲ್ಲಿ ಎಳೇ ಕೂಸು. ಹೆರಿಗೆ ಸುಸೂತ್ರವಾದರೆ ಅವ್ವನಿಗೆ ಸೀರೆ ಅಂತ ಹರಕೆ ಹೊತ್ತಿದ್ದರು. ಅವರ ಕಡೆಯವರು ಈ ಕೇರಿಗೆ ಬರುವುದು ಹರಕೆಗೆ ಮಾತ್ರ. ಬಂದರೂ ಅಂಗಳದಲ್ಲೇ ನಿಂತು ಹೋಗುತ್ತಾರೆ. ಕೆಂಚೇಶ ಆರತಿ ತಟ್ಟೆ ಹಿಡಿದಿದ್ದ. ಮಮತಾ ಕೊಡದಲ್ಲಿ ನೀರು ತಂದು ಬಾಗಿಲಲ್ಲಿ ನಿಂತಿದ್ದಳು. ದುರುಗೇಶ್ ಆಚೆ ಬೇವಿನ ಮರದ ಕೆಳಗೆ ಬೈಕಿಗೆ ಒರಗಿ ನಿಂತ.

"ಯಾವಾಗ ಬಂದೆ ಅತ್ತಿಗೆಮ್ಮ? ಎಲ್ಲಿಗೆ ಹೊರಟೆ?"

"ಒಳಗೆ."

"ಒಳಗೆ ಮಮತಾ ಹೋಗ್ತಾಳಲ್ಲ."

"ಹಿರಿಸೊಸೆ ಸತ್ತ ಮ್ಯಾಲೆ ಹೋಗ್ಲಿ. ನಾನು ಸತ್ತಿಲ್ಲ. ಸತ್ತೋನು ನಿಮ್ಮಣ್ಣ."

ಕೆಂಚೇಶ ಬಂಗಾರಪ್ಪನ ಕಡೆ ನೋಡಿದ. ಬಂಗಾರಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಭೀಮಕ್ಕ, ನಿನ್ನ ಮ್ಯಾಲೆ ಸಿಟ್ಟಿಲ್ಲ ಯಾರಿಗೂ. ಬರೇ ಹಣೆ ಕೈ ಅವ್ವಂಗೆ ಆಗಲ್ಲ. ಹಿಂದ್ಲಿಂದ ಬಂದದ್ದು."

"ಅವ್ವನ ಹಾಡು ಹಿಂದ್ಲಿಂದ ಬಂದದ್ದಲ್ಲೇನಣ್ಣ? ಅವಳ ಗಂಡ ಏನಾದ?"

"ಹೊಳ್ಯಾಗೆ ಹೋದ."

"ತಿರುಗಿ ಬಂದ್ನಾ?"

ಬಂಗಾರಪ್ಪ ಹೊಳೆಯ ಕಡೆ ನೋಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಆ ಹಾಡು ಹೇಳಿ ನಾಟಿ ಹಾಕಿದವರೇ.

"ಬರಲಿಲ್ಲ" ಅಂದಳು ಭೀಮಕ್ಕನೇ. "ಅವಳೂ ನನ್ನಂಗೇ. ಗಂಡ ಹೋದೋಳ ಮೈಯ ಗಂಡ ಹೋದೋಳು ತೊಳೆದ್ರೆ ಯಾರಿಗೆ ಮೈಲಿಗೆ?"

"ಎಲಾ ಇವಳಾ!" ಕೆಂಚೇಶನಿಗೆ ರೇಗಿತು. "ನ್ಯಾಮತಿಯಾಗೆ ಯಾರು ನಿನ್ನ ತಲೆ ಕೆಡಿಸಿದ್ದು?"

"ಈಜಿಪ್ಟಿನೋರು."

"ಯಾವೂರದು?"

"ದೂರ. ಬಸ್ಸಿಲ್ಲ. ಅಲ್ಲೂ ಒಬ್ಬಳು ಅವ್ವ ಅವಳೆ. ಗಂಡ ಸತ್ತೋಳು. ಜನ ಅವಳನ್ನ ಹೊರಗೆ ಹಾಕಲಿಲ್ಲ. ಗುಡಿ ಕಟ್ಟಿದ್ರು. ಸುತ್ತಮುತ್ತ ಗುಡಿಗಳೆಲ್ಲ ಮುಚ್ಚಿದ ಮ್ಯಾಲೂ ಅವಳ ಗುಡಿ ಬಾಗಿಲು ತೆರೆದಿತ್ತಂತೆ."

ಯಾರೋ ಕಿಸಕ್ಕಂದರು. ಕೆಂಚೇಶ ಆ ಕಡೆ ಒಮ್ಮೆ ಕಣ್ಣು ಬಿಟ್ಟ. "ಅವಳು ದೇವರು, ನೀನು ಮನುಷ್ಯಳು. ದೇವರಿಗೆ ಏನಿದ್ರೂ ನಡೀತೈತೆ. ಇಲ್ಲಾಂದ್ರೆ ಹಿಂಗೆ ಮಾಡು, ಹೋಗಿ ಅವಳ ಕುಂಕುಮಾನೂ ಅಳಿಸಿಬಿಡು, ಬಳೆನೂ ಒಡಿ. ಲೆಕ್ಕ ಸರಿಹೋಗುತ್ತೆ."

"ನಾನ್ಯಾಕೆ ಅಳಿಸಲಿ? ಗಂಡ ಹೋದ ಹಣೆಗೆ ಕುಂಕುಮ ಇಟ್ಟರೆ ಹೊಳೆ ಹಿಂದಕ್ಕೆ ಹರಿಯಲ್ಲ ಅಂತ ಅವಳೇ ತೋರಿಸ್ಕಂತಾ ಕುಂತವಳೆ. ನನಗೆ ಕುಂಕುಮ ಕೊಡು ಅಂತ ನಾನು ಕೇಳಿಲ್ಲ ಕೆಂಚೇಶ. ಅವಳಿಗೆ ಇಡಾಕೆ ಬಿಡು ಅಂದೆ."

ಕೆಂಚೇಶ ಮಮತಾ ಕಡೆ ತಿರುಗಿದ. ಮಾತು ಸಿಗದ ಗಂಡಸು ಹೆಂಡತಿಯ ಮೇಲೆ ಬೀಳುತ್ತಾನೆ. "ಏಯ್, ಏನು ನೋಡ್ಕಂತಾ ನಿಂತೆ? ಹೋಗು ಒಳಗೆ."

ಮಮತಾ ಕೊಡ ಕೆಳಗಿಟ್ಟಳು.

"ನಾನು ಹೋಗಲ್ಲ."

"ಏನಂದೆ?"

"ಹೋಗಲ್ಲ ಅಂದೆ. ಇವತ್ತು ಅಕ್ಕನ್ನ ಹೊರಗಿಟ್ರಿ. ನಾಳೆ ನೀವು ಹೋದ್ರೆ ನನ್ನನ್ನ ಇಡ್ತಾರೆ."

"ಥೂ, ಬಾಯಿ ತೊಳಕ! ನಾನೆಲ್ಲಿ ಹೋಗ್ತೀನೇ? ನಿನ್ನೆದುರಿಗೇ ನಿಂತೀನಲ್ಲ!"

"ಭಾವನೂ ಇಲ್ಲೇ ನಿಂತಿದ್ರು" ಅಂದಳು ಮಮತಾ.

ಬಿಸಿಲು ಕಟ್ಟೆಯ ಮೇಲೆ ಹತ್ತಿತು. ರೂಪಶ್ರೀಯ ಕೂಸು ಅಳತೊಡಗಿತು. ಅವ್ವ ಮಂಗಳವಾರದ ಹಳೇ ಸೀರೆಯಲ್ಲೇ ಒಳಗೆ ಕೂತಿದ್ದಳು. ಒಬ್ಬಳು ಹೋಗುವಂತಿಲ್ಲ, ಇನ್ನೊಬ್ಬಳು ಹೋಗುವುದಿಲ್ಲ. ಬಂಗಾರಪ್ಪ ಕಿವಿಯಿಂದ ಬೀಡಿ ತೆಗೆದು ತಿರುವಿದ.

"ಕೆಂಚೇಶ, ಹಂಗಾರೆ ನೀನೇ ಹೋಗಿ ಉಡಸಪ್ಪ."

"ಅಣ್ಣೋ, ಏನು ಮಾತು ಅಂತ ಆಡ್ತಿ?"

"ಮತ್ತೇನು ಮಾಡನ? ಹರಕೆಯೋರು ಕಾಯ್ತಾ ಅವರೆ. ಅವ್ವನ್ನ ಹಿಂಗೇ ಎಷ್ಟೊತ್ತು ಕೂರಿಸ್ತಿ?"

ಕೆಂಚೇಶ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಮರದ ಕೆಳಗಿದ್ದ ಅಣ್ಣನ ಮಗನನ್ನು ನೋಡಿದ. ಅವನು ನಿಂತೇ ಇದ್ದ, ಒಂದು ಮಾತೂ ಆಡಿರಲಿಲ್ಲ. ಹೆಂಡತಿಯನ್ನು ನೋಡಿದ. ಕಡೆಗೆ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದ. ಹೋಗು ಅನ್ನಲಿಲ್ಲ. ಸರಿದ, ಅಷ್ಟೆ.

ಭೀಮಕ್ಕ ಕೊಡ ಎತ್ತಿಕೊಂಡಳು. ಹರಕೆಯ ಸೀರೆಗೆ ಕೈ ಚಾಚಿದಳು. ಕಸ್ತೂರಮ್ಮ ಕೊಡಲು ಸ್ವಲ್ಪ ತಡ ಮಾಡಿದಳು. ಅವಳ ಕಣ್ಣು ಕೂಸಿನ ಕಡೆ ಹೋಯಿತು, ಭೀಮಕ್ಕನ ಹಣೆಯ ಕಡೆ ಬಂತು. "ಅವ್ವ ಒಪ್ಪಿದ್ರೆ ಸರಿ ತಾಯಿ" ಅಂದು ಕೊಟ್ಟಳು.

ಭೀಮಕ್ಕ ಒಳಗೆ ಹೋಗಿ ಪರದೆ ಎಳೆದಳು. ಒಳಗೆ ಎಣ್ಣೆ ಮತ್ತು ಹಳೇ ಹೂವಿನ ವಾಸನೆ. ಮಮತಾ ಸೀರೆ ಜಾರುತ್ತದೆ ಅಂತ ಹೆದರಿ ಗಂಟಿನ ಮೇಲೆ ಗಂಟು ಹಾಕಿದ್ದಳು. ಭೀಮಕ್ಕ ಒಂದೊಂದೇ ಬಿಚ್ಚಿದಳು. ನೀರು ಹಾಕಿದಳು. ಕಲ್ಲು ತಣ್ಣಗಿತ್ತು. ಅರಿಶಿನ ಹಚ್ಚುತ್ತ ಹಚ್ಚುತ್ತ ಕೈ ನಿಧಾನವಾಯಿತು. ಎಷ್ಟೊತ್ತೇ ಅಂತ ಹೊರಗಿನಿಂದ ಯಾರೂ ಕೇಳಲಿಲ್ಲ. ಇನ್ನು ಕೇಳುವವರಿಲ್ಲ ಅಂತ ಅವಳಿಗೆ ಆವಾಗ ಪೂರಾ ತಿಳಿಯಿತು. ಕಲ್ಲಿನ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಮನೆಯಲ್ಲಿ ಜನರ ಮುಂದೆ ಅತ್ತ ಅಳುವಲ್ಲ ಇದು. ಇಬ್ಬರ ಅಳು. ಆಮೇಲೆ ಸೆರಗಿನಿಂದ ಮೊದಲು ಅವ್ವನ ಮುಖ ಒರೆಸಿದಳು, ಆಮೇಲೆ ತನ್ನದು. ಸೀರೆ ಉಡಿಸಿದಳು. ಕುಂಕುಮ ಇಟ್ಟಳು.

"ತೆಗಿ" ಅಂದಳು.

ಕೆಂಚೇಶ ಪರದೆ ತೆಗೆದ. ಆರತಿ ಎತ್ತಿದ. ಗಂಟೆ ಬಾರಿಸಿದರು. ಎಲ್ಲರೂ ಕೈ ಮುಗಿದರು.

ಆಮೇಲೆ ಕುಂಕುಮದ ಬಟ್ಟಲು ಹಿಡಿದು ಭೀಮಕ್ಕ ಹೊಸ್ತಿಲಿಗೆ ಬಂದಳು. ಅಂಗಳದಲ್ಲಿ ಹೆಂಗಸರು ನಿಂತಲ್ಲೇ ನಿಂತಿದ್ದರು. ಒಳಗೆ ಹೋಗಲು ಬಿಟ್ಟದ್ದು ಒಂದು. ಅವಳ ಬೆರಳಿನಿಂದ ತಮ್ಮ ಹಣೆಗೆ ಇಡಿಸಿಕೊಳ್ಳುವುದು ಇನ್ನೊಂದು. ಮಮತಾ ಮೊದಲು ಬಂದಳು. ಹಣೆ ಒಡ್ಡಿದಳು. ಭೀಮಕ್ಕ ಇಟ್ಟಳು. ಕೆಂಚೇಶ ಬೇರೆ ಕಡೆ ನೋಡಿದ.

ಕಸ್ತೂರಮ್ಮ ಹಣೆ ಒಡ್ಡಲಿಲ್ಲ. ಸೆರಗು ತಲೆಮೇಲೆ ಎಳೆದುಕೊಂಡು ಅಂಗೈ ಚಾಚಿದಳು. ಭೀಮಕ್ಕ ಅಂಗೈಗೆ ಹಾಕಿದಳು. ಕಸ್ತೂರಮ್ಮ ನಾಲ್ಕು ಹೆಜ್ಜೆ ಹೋಗಿ, ನಿಂತು, ಅಂಗೈ ನೋಡಿಕೊಂಡು, ಆ ಕುಂಕುಮವನ್ನು ಬೆರಳಲ್ಲಿ ಎತ್ತಿ ಕೂಸಿನ ಹಣೆಗೆ ಇಟ್ಟಳು.

ಕೇರಿಯ ಹೆಂಗಸರಲ್ಲಿ ಕೆಲವರು ಬಂದರು. ಕೆಲವರು ದೂರದಿಂದಲೇ ಕೈ ಮುಗಿದು, ನೀರಿಗೆ ಹೊತ್ತಾಯಿತು, ಕೂಲಿಗೆ ಹೊತ್ತಾಯಿತು ಅಂತ ತಮ್ಮತಮ್ಮಲ್ಲೇ ಹೇಳಿಕೊಂಡು ಹೋದರು. ಭೀಮಕ್ಕ ಬಟ್ಟಲು ಹಿಡಿದು ನಿಂತೇ ಇದ್ದಳು. ಬಂದವರಿಗೆ ಕೊಟ್ಟಳು. ಬಾರದವರನ್ನು ಕರೆಯಲಿಲ್ಲ.